ದೀಪಕಂಬದ ಪಾಚಿ

ಮಲೇಷ್ಯಾದ ಕ್ಲಾಂಗ್ ಬಂದರಿನ ಹತ್ತಿರ ನನ್ನವರು ಕೆಲಸ ಮಾಡುವ ಗೋದಾಮಿನ ಹಿಂದೆ ಒಂದು ಜಪಾನೀ ದೇವರ ಗುಡಿ ಇದೆ. ನಮ್ಮ ಅಡುಗೆಮನೆಯ ಫ್ರಿಜ್ಜಿಗಿಂತ ಸ್ವಲ್ಪ ಎತ್ತರ, ಅಗಲವೂ ಹೆಚ್ಚುಕಡಿಮೆ ಅಷ್ಟೇ, ಮರದ್ದು. ಮುಂದೆ ಮೂರು ಕಲ್ಲಿನ ಮೆಟ್ಟಿಲು. ಆಚೆ ಈಚೆ ಕೊರಳಿಗೆ ಕೆಂಪು ಬಟ್ಟೆ ಕಟ್ಟಿಕೊಂಡ ಎರಡು ಕಲ್ಲಿನ ನರಿಗಳು. ಒಳಗೆ ಬರುವ ದಾರಿಗೆ ಕೆಂಪು ಬಣ್ಣದ ಮರದ ಕಮಾನು, ಪಕ್ಕದಲ್ಲಿ ಕೈ ತೊಳೆಯುವ ಕಲ್ಲಿನ ತೊಟ್ಟಿ, ಬಿದಿರಿನ ಸೌಟು, ಎದೆಯೆತ್ತರದ ಕಲ್ಲಿನ ದೀಪಕಂಬ. ಸುತ್ತ ಒಂದು ತೋಟ, ಅದರಲ್ಲಿ ಪುಟ್ಟ ಕೊಳ, ಕೊಳದಲ್ಲಿ ಐದು ಮೀನು. ಗೋಡೆಯ ಆಚೆ ಕಂಟೈನರ್ ಎತ್ತುವ ಕ್ರೇನುಗಳು ಕಾಣುತ್ತವೆ.

ಕಂಪನಿ ಜಪಾನಿನವರದ್ದು. ಮೊದಲ ಮ್ಯಾನೇಜರ್ ಆಗಿ ಬಂದವರು ಸರಕು ಸುರಕ್ಷಿತವಾಗಿ ಹೋಗಿ ಬರಲಿ ಎಂದು ಇದನ್ನು ಕಟ್ಟಿಸಿದರಂತೆ. ಅವರು ಈಗಿಲ್ಲ. ಕಂಪನಿಯ ಆಸ್ತಿಪಟ್ಟಿಯಲ್ಲಿ ಗುಡಿಯು ಜನರೇಟರ್ ಶೆಡ್ಡು ಮತ್ತು ಬೈಕ್ ನಿಲ್ಲಿಸುವ ಚಪ್ಪರದ ನಡುವೆ ಬರುತ್ತದೆ. ನನ್ನವರು ಕಟ್ಟಡಗಳ ಉಸ್ತುವಾರಿ ನೋಡಿಕೊಳ್ಳುವ ಇಂಜಿನಿಯರ್. ಆದ್ದರಿಂದ ಜನರೇಟರ್ ಕೆಟ್ಟರೂ ಅವರೇ, ದೇವರ ಮಾಡು ಸೋರಿದರೂ ಅವರೇ.

ನಮ್ಮ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ನಾನು ಮಂಗಳೂರಿನ ಕಡೆಯ ಕ್ಯಾಥೊಲಿಕ್. ನನ್ನವರೂ ಕ್ಯಾಥೊಲಿಕ್ಕರೇ, ಆದರೆ ಹುಬ್ಬಳ್ಳಿಯಲ್ಲಿ ಬೆಳೆದವರು. ಕೊಂಕಣಿ ಅವರ ಬಾಯಿಗೆ ಸರಿಯಾಗಿ ಬರುವುದಿಲ್ಲ. ಹಾಗಾಗಿ ಮನೆಯಲ್ಲಿ ಕನ್ನಡ. ಕಾಲೇಜಿಗೆ ಹೋಗುವ ಮಗಳಿಗೆ ನಮ್ಮಿಬ್ಬರ ಕನ್ನಡವೂ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಪುಚೊಂಗ್‌ನಲ್ಲಿ ಸಾಲುಮನೆಯೊಂದರಲ್ಲಿದ್ದೇವೆ.

ಆ ಗುಡಿಯನ್ನು ನಾನು ನೋಡಿದ್ದೇ ಗೊತೊಂಗ್ ರೊಯೊಂಗ್ ದಿನ. ಎಲ್ಲರೂ ಸೇರಿ ಒಂದು ಬೆಳಿಗ್ಗೆ ಜಾಗ ಚೊಕ್ಕ ಮಾಡಿ, ಆಮೇಲೆ ಒಟ್ಟಿಗೆ ನಾಸಿ ಲೆಮಾಕ್ ಎಂಬ ತೆಂಗಿನಹಾಲಿನ ಅನ್ನ ತಿಂದು ಮನೆಗೆ ಹೋಗುವುದಕ್ಕೆ ಇಲ್ಲಿ ಹಾಗೆನ್ನುತ್ತಾರೆ. ಮೊದಲ ಮ್ಯಾನೇಜರರ ಹೆಂಡತಿ, ತುಂಬ ವಯಸ್ಸಾದವರು, ಮುಂದಿನ ತಿಂಗಳು ಜಪಾನಿನಿಂದ ಗುಡಿ ನೋಡಲು ಬರುತ್ತಾರೆ, ಅದಕ್ಕೆ ಈ ಸಿದ್ಧತೆ ಎಂದು ನೋಟಿಸು ಬಂದಿತ್ತು. ಮನೆಯವರನ್ನೂ ಕರೆತರಬಹುದು ಎಂದಿತ್ತು. ಮಲಯ್ ಸಹೋದ್ಯೋಗಿಗಳು ಮುಸ್ಲಿಮರು, ಅವರ ಹೆಸರು ಚರಂಡಿ ಮತ್ತು ಕಾರ್ ಪಾರ್ಕಿನ ಕೆಳಗೆ, ಉಳಿದವರದ್ದು ಗುಡಿಯ ಕೆಳಗೆ. ಈ ಹಂಚಿಕೆಯ ಬಗ್ಗೆ ಯಾರೂ ಏನೂ ಮಾತಾಡಲಿಲ್ಲ, ಮಾತಾಡುವ ಅಗತ್ಯವೂ ಇರಲಿಲ್ಲ.

ಹಿಂದಿನ ದಿನ ನಾನು ಚೀಲ ತುಂಬುತ್ತಿದ್ದೆ. ಕಡ್ಡಿ ಹಿಡಿಸೂಡಿ, ತಂತಿಯ ಬ್ರಷ್ಷು, ತುದಿ ಸವೆದ ಹಳೆಯ ದೋಸೆ ಸಟ್ಟುಗ, ಒಂದು ಡಬ್ಬಿ ಬ್ಲೀಚಿಂಗ್ ಪೌಡರ್.

"ಅಲ್ಲೆ ಎಲ್ಲಾ ಕೊಡ್ತಾರ. ನೀ ಯಾಕ ಹೊರ್ತಿ?" ಎಂದರು ನನ್ನವರು.

"ಅವರ ಬ್ರಷ್ಷು ಪ್ಲಾಸ್ಟಿಕ್. ಅದರಲ್ಲಿ ಎಂತ ಹೋಗ್ತದೆ?"

"ಏನ ಹೋಗಬೇಕಾಗೇತಿ?"

"ಹೋಗಿ ನೋಡಿದರೆ ಗೊತ್ತಾಗ್ತದೆ ಮಾರಾಯ್ರೇ."

ಮಗಳು ಫೋನಿನಿಂದ ತಲೆ ಎತ್ತದೆ, "ಅಮ್ಮಾ, ಇಟ್ಸ್ ನಾಟ್ ಯುವರ್ ಹೌಸ್ ಲಾ," ಎಂದಳು. ಆ ಮಾತಿಗೆ ಬೆಲೆ ಕೊಡಬಹುದಿತ್ತು ಎಂದು ಈಗ ಅನಿಸುತ್ತದೆ.

ಶನಿವಾರ ಏಳೂವರೆಗೆ ಕಮಾನಿನ ಕೆಳಗೆ ನಿಂತೆವು. ಅಕೌಂಟ್ಸಿನ ಚೀನೀ ಹೆಂಗಸು ಒಬ್ಬರು ಒಳಗೆ ಹೋಗುವ ಕ್ರಮ ಹೇಳಿಕೊಟ್ಟರು. ಕಮಾನಿನ ಹೊರಗೆ ನಿಂತು ಒಮ್ಮೆ ಬಾಗಬೇಕು. ನಡುದಾರಿ ದೇವರದ್ದು, ನಾವು ಅಂಚಿನಲ್ಲಿ ನಡೆಯಬೇಕು. ಸೌಟಿನಲ್ಲಿ ನೀರು ತೆಗೆದು ಮೊದಲು ಎಡಗೈ, ಆಮೇಲೆ ಬಲಗೈ, ಆಮೇಲೆ ಬೊಗಸೆಯಲ್ಲಿ ನೀರು ಹಿಡಿದು ಬಾಯಿ. ನಾನು ಗಮನವಿಟ್ಟು ಕೇಳಿದೆ, ತಲೆ ಆಡಿಸಿದೆ. ನನ್ನ ಸರದಿ ಬಂದಾಗ ತೊಟ್ಟಿಯಲ್ಲಿ ಬೆರಳು ಅದ್ದಿ ಶಿಲುಬೆಯ ಗುರುತು ಮಾಡಿಕೊಂಡೆ. ಬಾಗಿಲಲ್ಲಿ ನೀರು ಇಟ್ಟಿದ್ದರೆ ನನ್ನ ಕೈ ಐವತ್ತು ವರ್ಷದಿಂದ ಅದೊಂದನ್ನೇ ಮಾಡಿಕೊಂಡು ಬಂದಿದೆ. ಚೀನೀ ಹೆಂಗಸು ನೋಡಿದರು. ನನ್ನವರು ಕ್ರೇನಿನ ಕಡೆ ನೋಡಿದರು. ಆಮೇಲೆ ನಾನು ಸೌಟಿನಿಂದ ಎಡಗೈ, ಬಲಗೈ, ಬಾಯಿ ತೊಳೆದುಕೊಂಡೆ.

ಗುಡಿಯ ಮುಂದೆ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೆ ಬಾಗುವುದು ಕ್ರಮ. ಚಪ್ಪಾಳೆ ನಾನು ತಟ್ಟಲಿಲ್ಲ, ಸುಮ್ಮನೆ ತಲೆ ತಗ್ಗಿಸಿ ನಿಂತೆ. ಚೆನ್ನಾಗಿತ್ತು. ಆ ಹೊತ್ತಿಗೆ ಬಿಸಿಲು ಇನ್ನೂ ಗೋಡೆ ಹತ್ತಿರಲಿಲ್ಲ, ಗುಡಿಯ ಮುಂದೆ ಬಿಳಿ ಕಾಗದದ ತುಂಡುಗಳನ್ನು ಕಟ್ಟಿದ ಹಗ್ಗ ಅಲ್ಲಾಡುತ್ತಿತ್ತು. ಲಾರಿಗಳ ಹಿಂದೆ ಇಂಥ ಜಾಗ ಇದ್ದದ್ದು ನಾಲ್ಕು ವರ್ಷದಿಂದ ನನಗೆ ಗೊತ್ತೇ ಇರಲಿಲ್ಲ. "ನೀವು ಹೇಳಲೇ ಇಲ್ಲವಲ್ಲ?" ಎಂದೆ. "ಹೇಳಿದ್ನೆಲ್ಲ, ಮಾಡು ಸೋರಾಕತ್ತೇತಿ ಅಂತ," ಎಂದರು.

ತಲೆ ಎತ್ತಿದಾಗ ಕಂಡದ್ದು ಪಾಚಿ. ಮೂರೂ ಮೆಟ್ಟಿಲಿನ ಮೇಲೆ ದಪ್ಪ ಹಸಿರು. ದೀಪಕಂಬ ಬುಡದಿಂದ ಟೋಪಿಯವರೆಗೆ ಹಸಿರು, ಕಲ್ಲು ಎಲ್ಲಿದೆ ಎಂದು ಹುಡುಕಬೇಕು. ತೊಟ್ಟಿಯ ಅಂಚಿನಲ್ಲೂ ಇಳಿದಿತ್ತು.

ನಮ್ಮ ಊರಿನಲ್ಲಿ ಜೂನ್ ಬಂತೆಂದರೆ ಹೆಂಗಸರಿಗೆ ಪಾಚಿಯ ಕೆಲಸ. ಅಂಗಳ, ಬಾವಿಕಟ್ಟೆ, ಬಟ್ಟೆ ಒಗೆಯುವ ಕಲ್ಲು ಎಲ್ಲವನ್ನೂ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಬೇಕು. ಇಲ್ಲದಿದ್ದರೆ ಯಾರಾದರೂ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ; ನಮ್ಮ ಚರ್ಚಿನಲ್ಲಿ ಸೊಂಟ ಮುರಿದವರಿಗೆಂದೇ ಮಳೆಗಾಲದಲ್ಲಿ ಮುಂದಿನ ಬೆಂಚು ಬಿಡುತ್ತಿದ್ದರು. ಪಾಚಿ ಕಟ್ಟಿದ ಅಂಗಳವೆಂದರೆ ಆ ಮನೆಯಲ್ಲಿ ಹೆಂಗಸರಿಲ್ಲ, ಅಥವಾ ಇದ್ದೂ ಪ್ರಯೋಜನವಿಲ್ಲ ಎಂದು ಅರ್ಥ. ಇಲ್ಲಿ ಅಷ್ಟು ವಯಸ್ಸಾದ ಹೆಂಗಸು ಈ ಮೆಟ್ಟಿಲು ಹತ್ತಲಿಕ್ಕೆ ಬರುತ್ತಾರೆ. ನೋಡಿಕೊಳ್ಳುವವರು ಯಾರೂ ಇಲ್ಲವೇ ಎಂದು ಕನಿಕರವಾಯಿತು.

ನನ್ನವರನ್ನು ಆ ಹೊತ್ತಿಗೆ ಜನರೇಟರ್ ಶೆಡ್ಡಿಗೆ ಕರೆದಿದ್ದರು. ಚೀನೀ ಹೆಂಗಸು ಕೊಳದಿಂದ ಎಲೆ ತೆಗೆಯುತ್ತಿದ್ದರು. ನಾನು ಚೀಲ ಬಿಚ್ಚಿದೆ.

ಒಂದೂವರೆ ಗಂಟೆ ಹಿಡಿಯಿತು. ಸಟ್ಟುಗದಿಂದ ಎಬ್ಬಿಸಿದರೆ ಪಾಚಿ ಕಂಬಳಿಯ ಹಾಗೆ ತುಂಡುತುಂಡಾಗಿ ಬಂತು, ಎರಡು ಕಸದ ಚೀಲ ತುಂಬಿತು. ಆಮೇಲೆ ಪೌಡರ್ ಹಾಕಿ ಹತ್ತು ನಿಮಿಷ ಬಿಟ್ಟು ತಂತಿಯ ಬ್ರಷ್ಷಿನಲ್ಲಿ ಉಜ್ಜಿದೆ. ದೀಪಕಂಬದ ಟೋಪಿಯ ಕೆಳಗಿನ ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಬೇಕಿತ್ತು, ಅದೂ ಚೀಲದಲ್ಲಿತ್ತು. ನೀರು ಹೊಯ್ದಾಗ ಕಲ್ಲು ಬೆಳ್ಳಗೆ ಹೊರಗೆ ಬಂತು. ನನಗೆ ನಿಜವಾಗಿಯೂ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಆಡಳಿತ ವಿಭಾಗದ ಅಧಿಕಾರಿಣಿ ಫೋನು ಹಿಡಿದು ಎಲ್ಲ ಗುಂಪುಗಳ ಚಿತ್ರ ತೆಗೆಯುತ್ತ ಬಂದರು. "ವಾ, ಸೋ ಕ್ಲೀನ್ ಲಾ, ಆಂಟಿ," ಎಂದು ದೀಪಕಂಬವನ್ನು ಮೂರು ಕಡೆಯಿಂದ ತೆಗೆದು ಕಂಪನಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಮೆಚ್ಚುಗೆಯ ಹೆಬ್ಬೆರಳಿನ ಚಿತ್ರಗಳು ಬಿದ್ದವು. ನಾನು ನಾಸಿ ಲೆಮಾಕ್ ತಿಂದೆ.

ಆ ತೋಟಕ್ಕೆ ತೋಟಗಾರರಿದ್ದರು. ಅವರು ಅಂದು ಸಕ್ಕರೆ ಕಾಯಿಲೆಯ ತಪಾಸಣೆಗೆ ಸರಕಾರಿ ಕ್ಲಿನಿಕ್ಕಿಗೆ ಹೋಗಿದ್ದರು. ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ಕುಳಿತಿದ್ದಾಗ ಅವರ ಫೋನಿಗೆ ಆ ಮೂರು ಚಿತ್ರ ಬಂದವು.

ಸೋಮವಾರ ಸಂಜೆ ನನ್ನವರು ಬೂಟು ಬಿಚ್ಚುತ್ತ, "ಆ ಕಂಬದ ಮ್ಯಾಗಿನ ಪಾಚಿ ಬೆಳೆಸಿದ್ದಂತ," ಎಂದರು.

"ಬೆಳೆಸಿದ್ದು ಅಂದರೆ?"

"ಅಂದ್ರ ಬೆಳೆಸಿದ್ದು. ಗಿಡ ಬೆಳೆಸಿದಂಗ. ನೀರು ಹಾಕಿ, ನೆರಳು ಕಟ್ಟಿ."

ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಎರಡು ಎಸಳು ಸುಲಿಯುವವರೆಗೂ ನನಗೆ ಆ ಮಾತು ಒಳಗೆ ಇಳಿಯಲಿಲ್ಲ. ಪಾಚಿಯನ್ನು ಬೆಳೆಸುವ ಮನುಷ್ಯರಿರುತ್ತಾರೆ ಎಂಬುದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಉಳಿದದ್ದನ್ನು ಅವರು ಊಟದ ಹೊತ್ತಿಗೆ ಹೇಳಿದರು. ಜಪಾನೀ ತೋಟಗಳಲ್ಲಿ ಪಾಚಿಯೇ ಒಡವೆಯಂತೆ. ಬಂದರಿನ ಈ ಉಪ್ಪುಗಾಳಿ, ಈ ಬಿಸಿಲಿನಲ್ಲಿ ಮೆಟ್ಟಿಲಿನ ಮೇಲೆ ಬಂದರೂ ಕಂಬದ ಮೇಲೆ ಬರುವುದಿಲ್ಲ ಎಂದು ಆ ಹಿರಿಯ ಹೆಂಗಸು ಹಿಂದೆ ಬಂದಾಗ ಹೇಳಿದ್ದರಂತೆ. ಬರುತ್ತದೆ, ನೋಡಿ ಎಂದು ತೋಟಗಾರರು ಹೇಳಿದ್ದರಂತೆ. ಅಷ್ಟೇ ಆಗಿದ್ದರೆ ಅದು ಕೊಟ್ಟ ಮಾತಿನ ಪ್ರಶ್ನೆ ಮಾತ್ರ. ಆದರೆ ಹೊಸದಾಗಿ ಬಂದ ನಿರ್ದೇಶಕರು ತೋಟದ ಕೆಲಸವನ್ನು ಹೊರಗಿನ ಗುತ್ತಿಗೆದಾರರಿಗೆ ಕೊಟ್ಟು, ಅರ್ಧ ಜಾಗಕ್ಕೆ ಸಿಮೆಂಟ್ ಇಟ್ಟಿಗೆ ಹಾಸುವ ಯೋಚನೆಯಲ್ಲಿದ್ದರು. ಹಿರಿಯರು ಬಂದು ಹೋದ ಮೇಲೆ ತೀರ್ಮಾನ. ಅವರು ದೀಪಕಂಬ ನೋಡಿ ಒಂದು ಒಳ್ಳೆಯ ಮಾತು ಹೇಳಿದರೆ ತೋಟಗಾರರ ಕೆಲಸ ಉಳಿಯುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಮುಖ್ಯವಾಗಿ ತೋಟಗಾರರು.

"ಈಗ?" ಎಂದೆ.

"ಈಗೇನು. ಅವರಿಗೆ ವಾರ್ನಿಂಗ್ ಲೆಟರ್ ಕೊಟ್ಟಾರ. ತೋಟ ಹಾಳು ಮಾಡಿದ್ದಕ್ಕ."

"ಅವರು ಅಲ್ಲಿ ಇರಲೇ ಇಲ್ಲವಲ್ಲ. ಮಾಡಿದ್ದು ನಾನು."

"ಹೇಳಿದೆ. ಆಡಳಿತದಾಕಿ ಏನಂದ್ಲು ಗೊತ್ತೇನು? ಲೆಟರ್‌ನಾಗ ಎಂಪ್ಲಾಯಿ ನಂಬರ್ ಬೇಕಂತ. ಹೆಂಡ್ತಿಗೆ ನಂಬರ್ ಇಲ್ಲ. ತೋಟದ ಜವಾಬ್ದಾರಿ ಯಾರ ಹೆಸರಿನ್ಯಾಗೈತೋ ಅವರಿಗೆ ಕೊಡೋದಂತ."

ಈ ಆಂಟಿಗೆ ಸೋ ಕ್ಲೀನ್ ಎಂದ ಅದೇ ಅಧಿಕಾರಿಣಿ. ಆಕೆಯ ತಪ್ಪೂ ಅಲ್ಲ. ಫಾರಮ್ಮಿನಲ್ಲಿ ನನಗೆ ಜಾಗವಿರಲಿಲ್ಲ.

ಮರುದಿನ ನನ್ನವರ ಕಾರಿನಲ್ಲೇ ಹೋದೆ. ತೋಟಗಾರರು ಅರವತ್ತು ದಾಟಿದ ತಮಿಳರು, ಕ್ಲಾಂಗಿನಲ್ಲೇ ಹುಟ್ಟಿ ಬೆಳೆದವರು. ನಾನು ಅವರನ್ನು ಅಣ್ಣ ಎಂದೆ, ಅವರು ನನ್ನನ್ನು ಅಕ್ಕ ಎಂದರು. ಅವರದ್ದು ತಮಿಳು, ನನ್ನದು ಕನ್ನಡ, ತೊಡಕಾದಲ್ಲಿ ಇಬ್ಬರದ್ದೂ ಮಲಯ್. ಬರೆಯುವಾಗ ಹೆಚ್ಚುಕಡಿಮೆ ಎಲ್ಲವನ್ನೂ ಕನ್ನಡ ಮಾಡಿದ್ದೇನೆ.

ಅವರು ದೀಪಕಂಬದ ಎದುರು ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕುಳಿತಿದ್ದರು.

"ಅಣ್ಣಾ, ನಾನೇ ಉಜ್ಜಿದ್ದು. ಗೊತ್ತಿರಲಿಲ್ಲ."

"ಗೊತ್ತು ಅಕ್ಕಾ. ಫೋಟೋದಲ್ಲಿ ನಿಮ್ಮ ಸೀರೆ ಇದೆ." ಕಂಬದಿಂದ ಕಣ್ಣು ತೆಗೆಯದೆ ಕೇಳಿದರು, "ಯಾರು ಹೇಳಿದ್ದು ನಿಮಗೆ ಉಜ್ಜಲಿಕ್ಕೆ?"

"ಯಾರೂ ಹೇಳಲಿಲ್ಲ."

"ಯಾರೂ ಹೇಳದೆ ಇಷ್ಟು ಚೆನ್ನಾಗಿ ಉಜ್ಜಿದಿರಾ?" ಎದ್ದು ಟೋಪಿಯ ಕೆಳಗಿನ ಸಂದಿಗೆ ಬೆರಳು ಹಾಕಿದರು. "ಇಲ್ಲಿ ಕೂಡ ಬಿಟ್ಟಿಲ್ಲ. ನನಗೆ ಇಪ್ಪತ್ತು ವರ್ಷದಲ್ಲಿ ಇಂಥ ಕೆಲಸದ ಆಳು ಸಿಗಲಿಲ್ಲ."

ಲೆಟರಿನ ವಿಷಯ ನಾನೇ ಎತ್ತಿದೆ. ನೀವಾದರೂ ನನ್ನ ಹೆಸರು ಹೇಳಬಹುದಿತ್ತಲ್ಲ ಎಂದೆ. ಅವರು, "ಹೇಳಿ? ನಾನಿಲ್ಲದಾಗ ಒಬ್ಬರು ಆಂಟಿ ಬಂದು ತೋಟ ಬೋಳಿಸಿದರು ಅಂತ ಹೇಳುವುದಾ? ಮೊದಲೇ ನಾನು ಬೇಡ ಅಂತಿದ್ದಾರೆ," ಎಂದರು.

ಹಿರಿಯರು ಬರಲಿಕ್ಕೆ ಐದು ವಾರವಿತ್ತು. ಅಷ್ಟರಲ್ಲಿ ಪಾಚಿ ಬರುತ್ತದಾ ಎಂದು ಕೇಳಿದೆ. ಅವರು ಕಲ್ಲನ್ನು ಮೂಸಿ ನೋಡಿದರು. ಮೊದಲು ನನ್ನ ಪೌಡರು ಹೋಗಬೇಕು ಎಂದರು. ಮೊದಲ ವಾರ ಬರೀ ನೀರು ಹೊಯ್ಯುವುದೇ ಆಯಿತು. ಮಂಗಳವಾರ, ಗುರುವಾರ, ಶನಿವಾರ ನಾನು ಹೋಗುತ್ತಿದ್ದೆ. ಬೆಳಿಗ್ಗೆ ಆರೂವರೆಗೆ ಕಾರಿನಲ್ಲಿ ಹೋಗುವುದು, ಹತ್ತು ಗಂಟೆಯವರೆಗೆ ನೀರು, ಆಮೇಲೆ ಒಂದು ಕೊಮ್ಯೂಟರ್ ರೈಲು, ಎರಡು ಎಲ್‌ಆರ್‌ಟಿ ಹಿಡಿದು ಮನೆ ಸೇರುವುದು. ದಾರಿಯಲ್ಲಿ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ಮಧ್ಯಾಹ್ನದ ಊಟ ತಪಾವ್ ಮಾಡಿಸಿ ಕಟ್ಟಿಕೊಳ್ಳುತ್ತಿದ್ದೆ, ಅಡುಗೆಗೆ ಹೊತ್ತಿರುತ್ತಿರಲಿಲ್ಲ. ಮನೆಯಲ್ಲಿ ಯಾರೂ ದೂರಲಿಲ್ಲ. ಮಗಳಂತೂ ಮೊದಲಿಗಿಂತ ಚೆನ್ನಾಗಿ ತಿಂದಳು.

ಎರಡನೆಯ ವಾರ ಮಗಳೇ ಫೋನಿನಲ್ಲಿ ಹುಡುಕಿ ಒಂದು ಉಪಾಯ ಹೇಳಿದಳು. ಪಾಚಿಯನ್ನು ಮಜ್ಜಿಗೆಯ ಜೊತೆ ರುಬ್ಬಿ ಕಲ್ಲಿಗೆ ಬಳಿದರೆ ಬೇಗ ಹತ್ತುತ್ತದಂತೆ. "ಪೀಪಲ್ ಕಾಲ್ ಇಟ್ ಮಾಸ್ ಮಿಲ್ಕ್‌ಶೇಕ್," ಎಂದಳು. ಪಾಚಿಗಾಗಿ ನಾನು ನಮ್ಮ ಮನೆಯ ಹಿಂದಿನ ಓಣಿಯ ಚರಂಡಿ ಗೋಡೆಯಿಂದ ಒಂದು ಡಬ್ಬಿಯಷ್ಟು ಕೆರೆದು ತೆಗೆದೆ. ಪಕ್ಕದ ಮನೆಯ ತಮಿಳು ಅಜ್ಜಿ ಬಾಗಿಲಲ್ಲಿ ನಿಂತು, ಒಳ್ಳೆಯದಾಯಿತು, ನಮ್ಮ ಕಡೆಯದ್ದೂ ತೆಗೆದುಬಿಡಿ ಎಂದರು. ತೆಗೆದೆ.

ತೋಟಗಾರರು ಡಬ್ಬಿಯ ಮುಚ್ಚಳ ತೆರೆದು ನೋಡಿ ಮುಚ್ಚಿದರು. "ಇದು ಸಾಕ್ಕಡೆ ಪಾಚಿ. ಚರಂಡಿಯದ್ದು. ದೇವರ ಕಂಬಕ್ಕೆ ತಕ್ ಬೋಲೆ, ಆಗುವುದಿಲ್ಲ."

"ಹಸಿರು ಹಸಿರೇ ಅಲ್ವಾ ಅಣ್ಣಾ?"

"ಅಕ್ಕಾ, ನೀವು ಬಿರಿಯಾನಿಗೆ ಗಂಜಿ ಅಕ್ಕಿ ಹಾಕುತ್ತೀರಾ?"

ಅವರು ನನ್ನನ್ನು ಹಳೆಯ ಗೋದಾಮಿನ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಏಸಿಯ ನೀರು ತೊಟ್ಟಿಕ್ಕುವ ಕಡೆ, ಬಿಸಿಲೇ ಕಾಣದ ಗೋಡೆಯ ಬುಡದಲ್ಲಿ, ಚಿಕ್ಕ ಚಿಕ್ಕ ನಕ್ಷತ್ರದಂಥ ಪಾಚಿ ಇತ್ತು. ಮೊದಲ ಬೀಜ ಇಲ್ಲಿಂದಲೇ ತಂದದ್ದು ಎಂದರು. ಬೆಣ್ಣೆ ತೆಗೆಯುವ ಹಾಗೆ ಬೆರಳ ತುದಿಯಿಂದ ಅಷ್ಟೇ ಅಷ್ಟು ಎಬ್ಬಿಸಿ ಬಾಳೆಲೆಯ ಮೇಲಿಟ್ಟರು. ನಾನು ಅದನ್ನು ಮನೆಗೆ ಒಯ್ದು ಮಜ್ಜಿಗೆ ಹಾಕಿ, ಚಟ್ನಿ ಮಾಡುವ ಮಿಕ್ಸಿಯಲ್ಲಿ ರುಬ್ಬಿ, ಮರುದಿನ ಬುಧವಾರವಾದರೂ ತಂದು ಕೇಕಿಗೆ ಬೆಣ್ಣೆ ಸವರುವ ಬ್ರಷ್ಷಿನಲ್ಲಿ ಕಂಬಕ್ಕೆ ಬಳಿದೆ. ಮಿಕ್ಸಿಯ ಜಾರನ್ನು ಮೂರು ಸಲ ತೊಳೆದೆ. ಆದರೂ ಆ ವಾರ ನಮ್ಮ ಮನೆಯಲ್ಲಿ ಯಾರೂ ಹಸಿರು ಚಟ್ನಿ ಮುಟ್ಟಲಿಲ್ಲ.

ಗುರುವಾರ ಹೋದಾಗ ಕಂಬದ ತುಂಬ ಇರುವೆ. ಶನಿವಾರ ಹೋದಾಗ ಇರುವೆ ಇರಲಿಲ್ಲ, ಮಜ್ಜಿಗೆಯೂ ಇರಲಿಲ್ಲ. ಗೋದಾಮಿನ ಬೆಕ್ಕು ನಾಲಿಗೆಗೆ ಎಟುಕುವ ಎತ್ತರದವರೆಗೆ ನೆಕ್ಕಿ ಮುಗಿಸಿತ್ತು. ತೋಟಗಾರರು, "ಬೆಕ್ಕಿಗಾದರೂ ನಿಮ್ಮಿಂದ ಉಪಕಾರವಾಯಿತು," ಎಂದರು. ಮತ್ತೆ ರುಬ್ಬಿ, ಈ ಸಲ ಮಜ್ಜಿಗೆಯ ಬದಲು ಅಕ್ಕಿ ತೊಳೆದ ನೀರು ಹಾಕಿ ಬಳಿದೆವು. ಮೇಲೆ ಕಪ್ಪು ನೆರಳಿನ ಬಲೆ ಕಟ್ಟಿದರು. ದಿನಕ್ಕೆ ನಾಲ್ಕು ಸಲ ತುಂತುರು ಹೊಡೆಯಬೇಕು, ಹೆಚ್ಚಾದರೆ ತೊಳೆದುಹೋಗುತ್ತದೆ, ಕಡಿಮೆಯಾದರೆ ಒಣಗುತ್ತದೆ. ಅವರು ಹೊಡೆಯುವಾಗ ಬಾಟಲಿಯನ್ನು ಕಲ್ಲಿಗೆ ಹಿಡಿಯದೆ ಗಾಳಿಗೆ ಹಿಡಿಯುತ್ತಿದ್ದರು, ನೀರು ತಾನಾಗಿ ಇಳಿದು ಕೂರಬೇಕು. ನಾನು ಕಲ್ಲಿಗೇ ಹೊಡೆದೆ. ಎರಡು ವಾರ ಅಭ್ಯಾಸ ಮಾಡಿದ ಮೇಲೆ ಅವರು ನನ್ನ ಕೈಯಿಂದ ಬಾಟಲಿ ಕಸಿದುಕೊಳ್ಳುವುದನ್ನು ನಿಲ್ಲಿಸಿದರು.

ಐದನೆಯ ವಾರದ ಹೊತ್ತಿಗೆ ಕಂಬದ ಹಿಂಬದಿಯಲ್ಲಿ, ಬಿಸಿಲು ಬೀಳದ ಕಡೆ, ನನ್ನ ಅಂಗೈಯಷ್ಟು ಜಾಗ ಹಸಿರಾಗಿತ್ತು. ಹತ್ತಿರ ಹೋಗಿ ನೋಡಿದರೆ ಹಸಿರು, ಎರಡು ಹೆಜ್ಜೆ ಹಿಂದೆ ಸರಿದರೆ ಕಲ್ಲಿಗೆ ಏನೋ ಕಲೆಯಾದ ಹಾಗೆ. ಮುಂಭಾಗ ಬಿಳಿ. ಮೆಟ್ಟಿಲು ಮೂರೂ ಬಿಳಿ.

"ಕಂಬವನ್ನು ತಿರುಗಿಸಿ ಇಟ್ಟರೆ?" ಎಂದು ನನ್ನವರನ್ನು ಕೇಳಿದೆ.

"ನೂರಾ ಎಂಬತ್ತು ಕಿಲೋ ಐತಿ. ಆಮ್ಯಾಲೆ ಅದು ದೇವರದು. ಸುಮ್ಕಿರು."

ಅವರು ಬರುವ ದಿನ ನಾನೂ ಇರುತ್ತೇನೆ ಎಂದೆ. ಇದ್ದು ಏನು ಮಾಡುತ್ತಿ ಎಂದರು. ಉಜ್ಜಿದ್ದು ನಾನು ಎಂದು ಹೇಳುತ್ತೇನೆ, ಹಿರಿಯರಿಗೆ ಫಾರಂ ಬೇಕಾಗಿಲ್ಲವಲ್ಲ ಎಂದೆ. ನನ್ನವರು, "ಡೈರೆಕ್ಟರ್ ಎದುರಿಗೇ ಹೇಳ್ತಿ?" ಎಂದರು. ಮೂರು ಸಲ ಕೇಳಿದರು. ಮೂರು ಸಲವೂ ಹೌದು ಎಂದೆ. ಆಮೇಲೆ ಅವರು ನನ್ನ ಹೆಸರನ್ನು ಸಂದರ್ಶಕರ ಪಟ್ಟಿಯಲ್ಲಿ ಬರೆಸಿದರು.

ಹಿರಿಯರು ಬಿಳಿ ಟೋಪಿ, ಬೂದು ಬಣ್ಣದ ಪ್ಯಾಂಟು, ಕೈಯಲ್ಲಿ ಊರುಗೋಲು. ಜೊತೆಗೆ ಅವರ ತಂಗಿಯ ಮಗಳು, ಇಂಗ್ಲಿಷ್ ಬಲ್ಲವರು. ಹಿಂದೆ ನಿರ್ದೇಶಕರು, ಆಡಳಿತದ ಅಧಿಕಾರಿಣಿ, ನನ್ನವರು. ತೋಟಗಾರರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೊಳದ ಪಕ್ಕ ನಿಂತಿದ್ದರು. ನಾನು ಅವರ ಪಕ್ಕ.

ಹಿರಿಯರು ಕೈ, ಬಾಯಿ ತೊಳೆದುಕೊಂಡು, ಅಂಚಿನಲ್ಲಿ ನಡೆದು, ಮೂರು ಮೆಟ್ಟಿಲು ಹತ್ತಿ, ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿದರು. ಬಹಳ ಹೊತ್ತು ಕಣ್ಣು ಮುಚ್ಚಿ ನಿಂತರು. ಗಂಡನಿಗೆ ಏನೋ ಹೇಳುತ್ತಿದ್ದಿರಬೇಕು. ಇಳಿದು ಬಂದು ದೀಪಕಂಬದ ಎದುರು ನಿಂತರು. ಸುತ್ತ ಒಂದು ಸುತ್ತು ಬಂದರು. ಹಿಂಬದಿಯ ಹಸಿರಿನ ಹತ್ತಿರ ಬಗ್ಗಿದರು, ಮುಟ್ಟಲಿಲ್ಲ. ಮತ್ತೆ ಮುಂದೆ ಬಂದು ಏನೋ ಕೇಳಿದರು.

ತಂಗಿಯ ಮಗಳು, "ನೀವು ಕಳಿಸಿದ ಚಿತ್ರದಲ್ಲಿ ಪಾಚಿ ಇತ್ತು, ಎಲ್ಲಿ ಹೋಯಿತು ಎಂದು ಕೇಳುತ್ತಿದ್ದಾರೆ," ಎಂದರು. ತೋಟಗಾರರು ಪ್ರತಿ ಹೊಸ ವರ್ಷಕ್ಕೆ ಅವರಿಗೆ ಚಿತ್ರ ಕಳಿಸುತ್ತಿದ್ದರೆಂದು ನನಗೆ ಆಗಲೇ ಗೊತ್ತಾದದ್ದು.

ಆಡಳಿತದ ಅಧಿಕಾರಿಣಿ, ನಿರ್ವಹಣೆಯ ವೇಳೆ ಎಂದು ಶುರು ಮಾಡಿದರು. ತೋಟಗಾರರು ತಮ್ಮ ಚಪ್ಪಲಿ ನೋಡುತ್ತಿದ್ದರು. ನಾನು ಒಂದು ಹೆಜ್ಜೆ ಮುಂದೆ ಹೋಗಿ ಇಂಗ್ಲಿಷಿನಲ್ಲಿ, "ನಾನು ಉಜ್ಜಿ ತೆಗೆದೆ. ಈ ಅಣ್ಣ ಆ ದಿನ ಇರಲಿಲ್ಲ. ನಮ್ಮ ಊರಲ್ಲಿ ಪಾಚಿ ಇದ್ದರೆ ತೆಗೆಯುತ್ತೇವೆ," ಎಂದೆ.

ಅದನ್ನು ಜಪಾನಿಯಲ್ಲಿ ಹೇಳಲು ತಂಗಿಯ ಮಗಳಿಗೆ ನನಗಿಂತ ಮೂರು ಪಟ್ಟು ಹೊತ್ತು ಬೇಕಾಯಿತು. ನಿರ್ದೇಶಕರು ನನ್ನನ್ನು ನೋಡಿದರು, ಆಮೇಲೆ ನನ್ನವರನ್ನು ನೋಡಿದರು. ನನ್ನವರು ಹೌದು ಎಂಬಂತೆ ತಲೆ ಬಾಗಿಸಿದರು.

ಹಿರಿಯರು ಕೇಳಿದರು, ಎಷ್ಟು ಹೊತ್ತು ಹಿಡಿಯಿತು?

"ಒಂದೂವರೆ ಗಂಟೆ."

ಯಾವುದರಿಂದ?

ಹೇಳಿದೆ. ಸಟ್ಟುಗಕ್ಕೆ ಇಂಗ್ಲಿಷ್ ಸಿಗದೆ ಕೈಯಲ್ಲಿ ದೋಸೆ ಮಗುಚಿ ತೋರಿಸಿದೆ. ಹಿರಿಯರು ಅದನ್ನು ಗಮನವಿಟ್ಟು ನೋಡಿದರು. ತಮ್ಮ ಮೊಣಕಾಲನ್ನು ತಟ್ಟಿ, ಮೆಟ್ಟಿಲನ್ನು ತೋರಿಸಿ ಏನೋ ಹೇಳಿದರು. ಮೆಟ್ಟಿಲು ಉಜ್ಜಿದ್ದು ಒಳ್ಳೆಯದಾಯಿತಂತೆ, ಕಳೆದ ಸಲ ಹತ್ತಲು ಭಯವಾಗಿತ್ತಂತೆ, ಹೇಳಲಿಕ್ಕೆ ಸಂಕೋಚಪಟ್ಟಿದ್ದರಂತೆ. ಪೌಡರಿನ ಹೆಸರೇನು ಎಂದು ಕೇಳಿದರು. ತಂಗಿಯ ಮಗಳು ಬರೆದುಕೊಂಡರು.

ಆಮೇಲೆ ತೋಟಗಾರರ ಕಡೆ ತಿರುಗಿ, ಕಂಬದ್ದು ಬರಲಿಕ್ಕೆ ಎಷ್ಟು ಕಾಲ ಹಿಡಿದಿತ್ತು ಎಂದರು.

ತೋಟಗಾರರು ಏಳು ಬೆರಳು ಎತ್ತಿದರು. "ಏಳು ವರ್ಷ."

ಹಿರಿಯರು ನಿರ್ದೇಶಕರಿಗೆ ಜಪಾನಿಯಲ್ಲೇ ಹೇಳಿದರು, ದನಿ ಏರಿಸಲಿಲ್ಲ. ನಿರ್ದೇಶಕರು ಎರಡು ಸಲ ಬಾಗಿದರು. ಏನೆಂದು ನಮಗೆ ತಂಗಿಯ ಮಗಳು ತಿಳಿಸಿದರು: ಹಾಗಾದರೆ ಇವರು ಇನ್ನೂ ಏಳು ವರ್ಷ ಇಲ್ಲಿರಬೇಕಾಗುತ್ತದೆ, ಹೊಸಬರಿಗೆ ಇದು ಬರುವುದಿಲ್ಲ ಎಂದಿದ್ದಾರೆ.

ತೋಟಗಾರರು ಕೊಳದ ಕಡೆ ತಿರುಗಿ ಮೀನುಗಳಿಗೆ ಆಹಾರ ಹಾಕಿದರು. ಅದು ಮೀನಿನ ಊಟದ ಹೊತ್ತಾಗಿರಲಿಲ್ಲ.

ತಿಂಗಳ ಕೊನೆಗೆ ಅವರ ಗುತ್ತಿಗೆ ಮುಂದುವರಿಯಿತು, ಒಂದು ವರ್ಷಕ್ಕೆ. ಕಂಪನಿಯಲ್ಲಿ ಏಳು ವರ್ಷದ ಗುತ್ತಿಗೆಯ ಪದ್ಧತಿ ಇಲ್ಲ. ಪ್ರತಿ ವರ್ಷ ಹೊಸದಾಗಿ ಬರೆಯುತ್ತಾರಂತೆ. ಇಟ್ಟಿಗೆ ಹಾಸುವ ಮಾತು ನಿಂತಿತು. ಎಚ್ಚರಿಕೆಯ ಪತ್ರ ಅವರ ಕಡತದಲ್ಲಿ ಹಾಗೆಯೇ ಇದೆ, ಕೊಟ್ಟದ್ದನ್ನು ಹಿಂದೆ ತೆಗೆದುಕೊಳ್ಳಲು ಬೇರೆ ಫಾರಂ ಬೇಕು, ಅದನ್ನು ಇನ್ನೂ ಯಾರೂ ತಯಾರಿಸಿಲ್ಲ. ನನ್ನವರು ಈ ವಿಷಯವನ್ನು ತಿಂಗಳಿಗೊಮ್ಮೆ ಮೇಲಿನವರಿಗೆ ಬರೆಯುತ್ತಾರೆ.

ಶನಿವಾರ ಬರಬಹುದಾ ಎಂದು ನಾನು ನನ್ನವರ ಮೂಲಕ ತೋಟಗಾರರನ್ನು ಕೇಳಿಸಿದೆ. ಬರಲಿ, ಚೀಲ ತರುವುದು ಬೇಡ ಎಂದು ಹೇಳಿ ಕಳಿಸಿದರು.

ಬರಿಗೈಯಲ್ಲಿ ಹೋದೆ. ದೀಪಕಂಬದ ಸುತ್ತ ನಾಲ್ಕು ಗೂಟ ನೆಟ್ಟು ಕೆಂಪು ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದರು. ಇಡೀ ತೋಟಕ್ಕೆ ಅದೊಂದೇ ಹಗ್ಗ.

"ಇದು ಯಾರಿಗೆ ಅಣ್ಣಾ?"

"ಬೆಕ್ಕಿಗೆ," ಎಂದರು.

ಬೆಕ್ಕು ಹಗ್ಗದ ಕೆಳಗಿನಿಂದ ನುಸುಳಿ ಒಳಗೆ ಹೋಗಿ ಕಂಬದ ನೆರಳಿನಲ್ಲಿ ಮಲಗಿತು. ಅವರು ಅದನ್ನು ಓಡಿಸಲಿಲ್ಲ. ನನ್ನ ಕೈಗೆ ಒಂದು ಬುಟ್ಟಿ ಕೊಟ್ಟು, ಹಗ್ಗದ ಈಚೆಗೆ ಬಿದ್ದ ಎಲೆಗಳನ್ನು ಒಂದೊಂದಾಗಿ ಕೈಯಿಂದ ಆರಿಸಬೇಕು, ನೆಲ ಕೆರೆಯಬಾರದು ಎಂದರು. ಎಲೆ ಬಹಳ ಬಿದ್ದಿತ್ತು. ಕುಕ್ಕರುಗಾಲಿನಲ್ಲಿ ಕುಳಿತು ಆರಿಸಿದೆ. ಹತ್ತು ಗಂಟೆಗೆ ಅವರು ಬಂದು ನೋಡಿ, ಇನ್ನೊಂದು ಬುಟ್ಟಿ ಕೊಟ್ಟರು.